ನಾಲ್ಕನೇ ಸ್ವರ ಗದರಿದಂತೆ ಕೇಳಿದಾಗ

ಪ್ರಶ್ನೆ: ಯಜಮಾನರ ಕೆಲಸದಿಂದಾಗಿ ಶಾಂಘೈಗೆ ಬಂದು ಎಂಟು ತಿಂಗಳಾಯಿತು. ಚೀನೀ ಭಾಷೆಯ ತರಗತಿಗೆ ಸೇರಿದ್ದೇನೆ. ಟೀಚರ್ ಎಲ್ಲರೆದುರು ನನ್ನ ಉಚ್ಚಾರ ತಿದ್ದುತ್ತಾರೆ, ಗದರಿದಂತೆ ಕೇಳಿಸುತ್ತದೆ. ಹೆಸರು ಕರೆದರೆ ಸಾಕು, ಗಂಟಲು ಕಟ್ಟುತ್ತದೆ. ಜಪಾನಿನ ಸಹಪಾಠಿಗಳು ಸಲೀಸಾಗಿ ಬರೆಯುತ್ತಾರೆ. ಏಳು ವರ್ಷದ ಮಗಳು ನನ್ನ ಮಾತು ಕೇಳಿ ನಗುತ್ತಾಳೆ. ಊರಲ್ಲಿ ನಾನು ಶಾಲೆಯಲ್ಲಿ ಕನ್ನಡ ಮೇಡಂ ಆಗಿದ್ದವಳು. ಬಿಟ್ಟುಬಿಡಲೇ?
– ಹೆಸರು ಬೇಡ, ಶಾಂಘೈ

ಉತ್ತರ: ಬಿಡಬೇಡಿ. ಆದರೆ ಕಲಿಕೆಯ ಮಾತಿಗೆ ಮುಂಚೆ, ‘ಕನ್ನಡ ಮೇಡಂ ಆಗಿದ್ದವಳು’ ಎಂದು ಬರೆದಿರಲ್ಲ, ಆ ಸಾಲಿನ ಹತ್ತಿರ ಸ್ವಲ್ಪ ಹೊತ್ತು ಕೂರೋಣ. ಮಾತನ್ನೇ ನೆಚ್ಚಿ ಬದುಕಿದವರು ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸಿ ನಿಲ್ಲಬೇಕಾಗಿ ಬಂದರೆ ಒಳಗೆ ಏನೋ ಕುಸಿಯುತ್ತದೆ. ನೀವು ಅದನ್ನು ದಡ್ಡತನವೆಂದು ಕರೆದುಕೊಳ್ಳುತ್ತಿದ್ದೀರಿ. ನನಗೆ ಅದು ದುಃಖವಾಗಿ ಕಾಣುತ್ತದೆ. ಯಜಮಾನರ ಹತ್ತಿರ ಅದನ್ನು ಹಾಗೆಯೇ ಹೇಳಿಕೊಳ್ಳಿ, ಕನ್ನಡದಲ್ಲಿ, ಹೊಟ್ಟೆ ತುಂಬ.

ಇನ್ನು ಗದರಿಕೆಯ ವಿಷಯ. ಚೀನೀ ಮಾತಿಗೆ ನಾಲ್ಕು ಸ್ವರ, ಜೊತೆಗೆ ಹಗುರಾಗಿ ಬರುವ ಇನ್ನೊಂದು. ನಾಲ್ಕನೆಯದು ಮೇಲಿಂದ ದಡಕ್ಕನೆ ಕೆಳಗಿಳಿಯುತ್ತದೆ. ನಾವು ಹಾಗೆ ದನಿ ಇಳಿಸುವುದು ಮಕ್ಕಳಿಗೆ ‘ಸಾಕು!’, ‘ನಡಿ!’ ಎನ್ನುವಾಗ. ‘ಸರಿ’ ಎಂಬರ್ಥದ ‘ದುಯ್’ ಕೂಡ ನಾಲ್ಕನೇ ಸ್ವರದ್ದೇ. ಹಾಗಾಗಿ ಟೀಚರ್ ಮೆಚ್ಚಿದ್ದೂ ನಿಮಗೆ ಗದರಿದಂತೆ ಕೇಳಿಸಿರಬಹುದು. ನಾನು ಬೀಜಿಂಗಿನಲ್ಲಿ ಕಲಿಯುವಾಗ, ಕ್ಯಾಂಟೀನಿನಲ್ಲಿ ಬಡಿಸುವ ಹೆಂಗಸು ದಿನವೂ ಸೌಟು ಎತ್ತಿ ‘ಯಾವ್ ಬು ಯಾವ್?’ ಎನ್ನುತ್ತಿದ್ದರು. ಏನು ತಪ್ಪು ಮಾಡಿದೆನೋ ಎಂದು ತಟ್ಟೆ ಹಿಡಿದು ಓಡುತ್ತಿದ್ದೆ. ಅವರು ಕೇಳುತ್ತಿದ್ದುದು ‘ಬೇಕಾ, ಬೇಡವಾ?’ ಎಂದಷ್ಟೇ! ತಿಳಿದ ಮೇಲೂ ಕಿವಿ ಪಳಗಲು ವಾರಗಳೇ ಹಿಡಿದವು.

ಭಯ ಬಾಯಿಗೂ ತೊಂದರೆ ಕೊಡುತ್ತದೆ. ‘ಮಾಯ್’ ಎಂಬುದನ್ನು ತಗ್ಗಿಸಿ ಹೇಳಿದರೆ ಕೊಳ್ಳುವುದು, ಮೇಲಿಂದ ಬೀಳಿಸಿದರೆ ಮಾರುವುದು. ಅಂಜಿಕೊಂಡು ಪಿಸುಗುಟ್ಟಿದರೆ ಎರಡೂ ಸಪಾಟಾಗುತ್ತವೆ. ಅಂಗಡಿಯಾತ ‘ಆಂ?’ ಎನ್ನುತ್ತಾನೆ, ನೀವು ಇನ್ನಷ್ಟು ಕುಗ್ಗುತ್ತೀರಿ. ಅದಕ್ಕೇ ಮನೆಯಲ್ಲಿ ಒಬ್ಬರೇ ಇದ್ದಾಗ, ಕೈಯನ್ನೂ ಏರಿಸಿ ಇಳಿಸಿ, ನಾಟಕದವರಂತೆ ದೊಡ್ಡ ದನಿಯಲ್ಲಿ ಹೇಳಿ. ಪ್ರಶ್ನೆ ಕೇಳಲು ದನಿ ಎಳೆಯುವ ನಮ್ಮ ಅಭ್ಯಾಸ ಅಲ್ಲಿ ಪದವನ್ನೇ ಕೆಡಿಸೀತು. ವಾಕ್ಯದ ತುದಿಗೆ ‘ಮ’ ಹಚ್ಚಿದರೆ ಮುಗಿಯಿತು, ‘ಬಂದೆ’ಗೆ ‘ಆ’ ಸೇರಿಸಿ ‘ಬಂದೆಯಾ’ ಎಂದಂತೆ.

ಗಂಟಲು ಕಟ್ಟುವುದು ನಿಮ್ಮೊಬ್ಬರಿಗೇ ಅಲ್ಲ. 1986ರಲ್ಲಿ ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು ಪರಭಾಷೆಯ ತರಗತಿಯ ಆತಂಕ ಅಳೆಯಲು 33 ಹೇಳಿಕೆಗಳ ಪಟ್ಟಿ ಮಾಡಿದರು. ಹೆಸರು ಕರೆಯುತ್ತಾರೆಂದು ಗೊತ್ತಾದಾಗ ಬರುವ ನಡುಕವೂ ಅದರಲ್ಲಿದೆ. ಟೀಚರ್ ಜೊತೆ ತರಗತಿ ಮುಗಿದ ಮೇಲೆ ಮಾತಾಡಿ. ಎಲ್ಲರೆದುರು ತಿದ್ದುವುದು ಅವಮಾನವೆಂದು ಅವರಿಗೆ ಹೊಳೆದೇ ಇಲ್ಲದಿರಬಹುದು.

ಜಪಾನಿನವರು ಚೀನೀ ಮೂಲದ ಅಕ್ಷರಗಳನ್ನು ಎಳವೆಯಿಂದ ಬರೆದವರು, ಅವರೊಡನೆ ಹೋಲಿಕೆ ಬೇಡ. ನಿಮ್ಮ ಬುತ್ತಿಯಲ್ಲೂ ಬೇಕಾದಷ್ಟಿದೆ. ಪುಸ್ತಕದ ರೋಮನ್ ‘ಬಿ’, ‘ಪಿ’ಗಳನ್ನು ಇಂಗ್ಲಿಷಿನಂತೆ ಓದಬೇಡಿ. ಅವು ಹೆಚ್ಚುಕಡಿಮೆ ನಮ್ಮ ಅಲ್ಪಪ್ರಾಣ ‘ಪ’, ಮಹಾಪ್ರಾಣ ‘ಫ’. ಮಕ್ಕಳಿಗೆ ಅದನ್ನು ಎಷ್ಟು ಸಲ ತಿದ್ದಿಲ್ಲ ನೀವು?

ಮಗಳ ನಗು ನೋಯಿಸಿದರೆ ನೋಯುತ್ತದೆ ಎಂದು ಅವಳಿಗೆ ಹೇಳಿ. ಆಮೇಲೆ ರಾತ್ರಿ ಊಟಕ್ಕೆ ಕೂತಾಗ ಹತ್ತು ನಿಮಿಷ ಅವಳೇ ಟೀಚರ್ ಆಗಲಿ. ಬದಲಿಗೆ ನೀವು ಎರಡು ಅಕ್ಷರ ಬರೆದು ತೋರಿಸಿ. ‘ಅಳಿ’ ಎಂಬರ್ಥದ ಗುರುತಿನ ಕೆಳಗೆ, ನಮ್ಮ ಒತ್ತಕ್ಷರದ ಹಾಗೆ, ‘ಹೃದಯ’ ಇಟ್ಟರೆ ‘ವಾಂಗ್’, ಮರೆಯುವುದು. ಅದೇ ಹೃದಯವನ್ನು ಪಕ್ಕಕ್ಕೆ ನಿಲ್ಲಿಸಿದರೆ ‘ಮಾಂಗ್’, ಪುರುಸೊತ್ತಿಲ್ಲದಿರುವುದು. ಯಾಕಿರಬಹುದು ಅಂತ ಅವಳನ್ನೇ ಕೇಳಿ, ಮೇಡಂ.