ಇಸಾಂಪುರದ ಕಲ್ಲುಗಳೂ ಮನುಷ್ಯನ ಹಿರಿಮೆಯೂ

ಮನುಷ್ಯನು ಪ್ರಾಣಿವರ್ಗದಿಂದಲೇ ವಿಕಾಸಗೊಂಡು ಬಂದವನಾದರೆ, ಅವನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನೆಂಬ ಕ್ರೈಸ್ತರ ನಂಬಿಕೆ ನಿಲ್ಲುವದೆ? ಈ ಪ್ರಶ್ನೆಯನ್ನು ವಿಚಾರಿಸಲು ನಾವು ಮೊದಲು ನಮ್ಮ ನಾಡಿಗೇ ಹೋಗೋಣ.

ಸುರಪುರ, ಹುಣಸಗಿಗಳ ಕಡೆಯಿಂದ ದುಡಿಮೆಗಾಗಿ ಮುಂಬಯಿಗೆ ಬಂದವರು ಅನೇಕರು. ಅದೇ ಸೀಮೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು 1990ರ ದಶಕದ ಕೊನೆಯಲ್ಲಿ ಭೂಶೋಧನೆ ನಡೆಸಿದರು. ಸುಣ್ಣಕಲ್ಲನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಸ್ಥಳವೇ ಅಲ್ಲಿ ದೊರೆಯಿತು. ಒಂದು ಬಗೆಯ ಕಾರಖಾನೆಯೆನ್ನಬಹುದು. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷವೆಂದು ಎಣಿಸಿದ್ದಾರೆ. ನಮ್ಮಂಥ ಮನುಷ್ಯರ ಅತಿ ಹಳೆಯ ಎಲುಬುಗಳಾದರೋ ಸುಮಾರು 3 ಲಕ್ಷ ವರ್ಷದವು. ಆ ಕಲ್ಲುಗಳನ್ನು ಕಡೆದವರು ನಮಗಿಂತ ಮೊದಲಿನ ಮಾನವರೆಂದಾಯಿತು.

ಹಾಗಾದರೆ ಹತ್ಯಾರ ಮಾಡುವದೇ ಮನುಷ್ಯನ ಗುರುತೆ? ಪಂಡಿತರು ಬಹುಕಾಲ ಹಾಗೆಯೇ ತಿಳಿದಿದ್ದರು. ಆದರೆ 1960ರಲ್ಲಿ ಜೇನ್ ಗುಡಾಲ್ ಎಂಬವರು ಪೂರ್ವ ಆಫ್ರಿಕದ ಕಾಡಿನಲ್ಲಿ ಚಿಂಪಾಂಜಿಗಳು ಕಡ್ಡಿಯ ಎಲೆ ಸವರಿ, ಅದನ್ನು ಹುತ್ತದೊಳಗಿಟ್ಟು ಗೆದ್ದಲು ಹಿಡಿಯುವದನ್ನು ಕಂಡರು. ಮನುಷ್ಯನಿಗೂ ಮೇಲ್ತರದ ಪ್ರಾಣಿಗಳಿಗೂ ಬುದ್ಧಿಯಲ್ಲಿರುವ ಅಂತರವು ಬಹಳ ದೊಡ್ಡದು. ಆದರೂ ಅದು ಹೆಚ್ಚು-ಕಡಿಮೆಯದೇ ಹೊರತು ಮೂಲಭೇದವಲ್ಲವೆಂದು ಡಾರ್ವಿನ್ನನು 1871ರಲ್ಲಿಯೇ ವಾದಿಸಿದ್ದನು.

ಈ ಬಗ್ಗೆ ಕ್ರೈಸ್ತರಲ್ಲಿ ಒಂದೇ ಮತವಿಲ್ಲ. ಆದಿಕಾಂಡವನ್ನು ಅಕ್ಷರಶಃ ಹಿಡಿಯುವವರು ವಿಕಾಸವಾದವನ್ನು ಒಪ್ಪುವದಿಲ್ಲ. ಹನ್ನೆರಡನೆಯ ಪಿಯುಸ್ ಪೋಪರು 1950ರಲ್ಲಿ, ಮನುಷ್ಯದೇಹದ ಉಗಮವನ್ನು ಕುರಿತು ವಿಚಾರ ನಡೆಯಬಹುದು, ಆತ್ಮವು ಮಾತ್ರ ನೇರವಾಗಿ ದೇವರಿಂದಲೇ ಬರುವದು ಎಂದರು. ಎರಡನೆಯ ಜಾನ್ ಪಾಲ್ ಪೋಪರು 1996ರಲ್ಲಿ ವಿಕಾಸವಾದವು ಬರಿಯ ಊಹೆಗಿಂತ ಹೆಚ್ಚಿನದೆಂದು ಒಪ್ಪಿದರು. ಭೂಮಿಯ ಮೃಗಗಳೂ ಮನುಷ್ಯನೂ ಹುಟ್ಟಿದ್ದು ಒಂದೇ ಆರನೆಯ ದಿನವೆಂದು ಆದಿಕಾಂಡವೇ ಹೇಳುತ್ತದೆಂಬುದನ್ನೂ ನೆನೆಯಬೇಕು. ದೇವರ ಸ್ವರೂಪವೆಂದರೆ ದೇಹದ ಆಕಾರವೂ ಅಲ್ಲ, ಕೈಚಳಕವೂ ಅಲ್ಲ; ದೇವರಿಗೆ ಉತ್ತರ ಹೇಳಬೇಕಾದವನಾಗಿ ಸೃಷ್ಟಿಯನ್ನು ಕಾಯುವ ಹೊಣೆಯೇ ಅದು ಎಂದು ಅನೇಕ ದೈವಶಾಸ್ತ್ರಜ್ಞರು ಅರ್ಥ ಹೇಳುತ್ತಾರೆ.

ವಿಜ್ಞಾನವು ಆತ್ಮವನ್ನು ತೂಗಲಾರದು. ಕೈಗೊಡಲಿಯ ಕಾಲವನ್ನು ಧರ್ಮಗ್ರಂಥದಿಂದ ಎಣಿಸಲಾಗದು. ಆದರೆ ಎರಡರಿಂದಲೂ ನಾವು ಕಲಿಯುವ ಪಾಠವೊಂದುಂಟು. ವಿಕ್ರೋಳಿಯ ಕಾರಖಾನೆ, ಕಚೇರಿಗಳಲ್ಲಿ ನಮ್ಮ ಬೆಲೆ ಕೆಲಸದಿಂದ ಗೊತ್ತಾಗುತ್ತದೆ. ಪಗಾರದ ಮಟ್ಟಿಗೆ ಅದು ಸರಿ. ಮನುಷ್ಯತ್ವಕ್ಕೂ ಅದೇ ಅಳತೆಗೋಲಾದರೆ ಕೈ ನಡುಗುವ ಮುದುಕನ ಗತಿಯೇನು? ಮಾತು ಬಾರದ ಕೂಸಿನ ಗತಿಯೇನು? ಅವರನ್ನು ಕೈಬಿಡದೆ ನೋಡಿಕೊಳ್ಳುವದರಲ್ಲಿಯೇ ಮನುಷ್ಯನ ಹಿರಿಮೆ ಇದೆಯೆಂದು ನಾವು ತಿಳಿಯುತ್ತೇವೆ.