ಆಮೆಗೆ ಬಿಸಿಲು ಏಕೆ ಬೇಕು?

ಕಳೆದ ಡಿಸೆಂಬರ್‌ನಲ್ಲಿ ನನ್ನ ತಮ್ಮನ ಆಮೆ ಊಟ ಬಿಟ್ಟಿತು. ಅದು ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ರೆಡ್ ಇಯರ್ಡ್ ಸ್ಲೈಡರ್. ಚಿಪ್ಪು ಮೆತ್ತಗಾಗಿತ್ತು. ಚಳಿಯೇ ಕಾರಣವೆಂದು ಅಮ್ಮಿ ಹೇಳಿದರು. ಪ್ರಾಣಿವೈದ್ಯರು ಇನ್ನೊಂದು ಕಾರಣವನ್ನೂ ಹೇಳಿದರು.

ಹಾವು, ಹಲ್ಲಿಗಳಂತೆ ಆಮೆಯೂ ಶೀತರಕ್ತ ಪ್ರಾಣಿ. ಅದರ ಮೈಗೆ ಶಾಖ ಹೊರಗಿನಿಂದಲೇ ಬರಬೇಕು. ಮೈ ತಣ್ಣಗಾದರೆ ತಿಂದದ್ದು ಜೀರ್ಣವಾಗುವುದಿಲ್ಲ. ಆದ್ದರಿಂದ:

1. ನೀರು ಸುಮಾರು 25 ಡಿಗ್ರಿ ಸೆಲ್ಸಿಯಸ್ ಇರಲಿ.
2. ಹತ್ತಿ ಕೂರಲು ಒಣ ಕಲ್ಲು ಬೇಕು. ಅಲ್ಲಿ ಬಲ್ಬಿನ ಶಾಖ ಸುಮಾರು 32 ಡಿಗ್ರಿ ಇರಲಿ. ಬಿಸಿ, ತಂಪು ಎರಡೂ ಇದ್ದರೆ ಬೇಕಾದ ಕಡೆಗೆ ಆಮೆಯೇ ಹೋಗುತ್ತದೆ.
3. ಬಿಸಿಲಿನ ಯುವಿಬಿ ಕಿರಣದಿಂದ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದೆ ಕ್ಯಾಲ್ಸಿಯಂ ಚಿಪ್ಪಿಗೆ ಸೇರದು. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ. ನಮ್ಮ ತಪ್ಪು ಇಲ್ಲೇ ಆಗಿತ್ತು. ನೇರ ಬಿಸಿಲು ಅಥವಾ ಯುವಿಬಿ ದೀಪ ಬೇಕು.
4. ಆಮೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಸಾಲ್ಮೊನೆಲ್ಲಾ ಅಂಟಬಹುದು.

ಸಾಕಲಾಗದಿದ್ದರೆ ಹಲಸೂರು ಕೆರೆಗೆ ಬಿಡಬಹುದೇ? ಬೇಡ. ಅಮೆರಿಕ ಮೂಲದ ಈ ಆಮೆ ನಮ್ಮ ಕೆರೆಯ ಜೀವಿಗಳ ಆಹಾರ, ಜಾಗ ಕಸಿಯುತ್ತದೆ. ನಕ್ಷತ್ರ ಆಮೆಯನ್ನಂತೂ ಮನೆಗೆ ತರಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ವಾಣಿಜ್ಯ ವಿದ್ಯಾರ್ಥಿಯಾಗಿ ಒಂದು ಲೆಕ್ಕ ಹೇಳುತ್ತೇನೆ: ಕೊಳ್ಳುವ ಖರ್ಚು ಒಂದು ದಿನದ್ದು, ಸಾಕುವ ಖರ್ಚು 20 ವರ್ಷಕ್ಕೂ ಹೆಚ್ಚಿನದು. ನಮ್ಮ ಆಮೆ ಈಗ ಬೆಳಗ್ಗೆ ಮಹಡಿಯ ಬಿಸಿಲಿನಲ್ಲಿ, ಅರ್ಧ ನೆರಳಿರುವ ಟಬ್ಬಿನಲ್ಲಿ ಇರುತ್ತದೆ. ಊಟ ಮಾಡುತ್ತಿದೆ.