ಮಾಮ ಕೇಳಿದ ಪ್ರಶ್ನೆ ಮತ್ತು ಆರ್ಗನಾಯ್ಡ್

ಕಳೆದ ರಂಜಾನ್‌ಗೆ ಮೊದಲು ನಮ್ಮ ಮಾಮನ ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಮನೆಯಲ್ಲಿ ನಾಟಿ ಮದ್ದು ಕೊಡಿಸಿದರು. ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನಿಂದ ಕರುಳಿಗೆ ಪಿತ್ತರಸ ಒಯ್ಯುವ ಪಿತ್ತನಾಳದಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು ತಿಳಿಯಿತು. ಆಪರೇಷನ್ ಮಾಡುವ ಹಂತ ದಾಟಿತ್ತು. ಜೆಮ್‌ಸಿಟಾಬಿನ್, ಸಿಸ್‌ಪ್ಲಾಟಿನ್ ಎಂಬ ಎರಡು ಔಷಧಿ ಕೊಟ್ಟರು. ಮೂರು ತಿಂಗಳು ವಾಂತಿ, ಸುಸ್ತು ಅನುಭವಿಸಿದ ಮೇಲೂ ಗಡ್ಡೆ ದೊಡ್ಡದಾಗಿಯೇ ಇತ್ತು. "ಈ ಮದ್ದು ನನಗೆ ಹಿಡಿಯುವುದಿಲ್ಲ ಅಂತ ಮೊದಲೇ ತಿಳಿಯಲು ಆಗುತ್ತಿರಲಿಲ್ಲವಾ?" ಎಂದು ಮಾಮ ಕೇಳಿದರು. ಸೈನ್ಸ್ ಓದುತ್ತೇನೆಂದು ನನ್ನನ್ನೇ ಕೇಳಿದ್ದು.

ಈ ಜೋಡಿ ಔಷಧಿ ರೂಢಿಗೆ ಬಂದದ್ದು 410 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಿಂದ. ಜೆಮ್‌ಸಿಟಾಬಿನ್ ಮಾತ್ರ ಪಡೆದವರು ಬದುಕಿದ ಅವಧಿಯ ಮಧ್ಯಾಂಕ 8.1 ತಿಂಗಳು, ಎರಡನ್ನೂ ಪಡೆದವರದು 11.7. (ಕಾಮರ್ಸ್‌ನವರು ಕಲಿಯುವ ಅದೇ ಮಧ್ಯಾಂಕ.) ಇದು ಗುಂಪಿನ ಲೆಕ್ಕ. ಒಬ್ಬ ಮಾಮನಿಗೆ ಏನಾಗುತ್ತದೆಂದು ಅದು ಹೇಳುವುದಿಲ್ಲ.

ಅದನ್ನು ಹೇಳಲು ಹೊರಟಿರುವುದು ಆರ್ಗನಾಯ್ಡ್. ರೋಗಿಯ ಗಡ್ಡೆಯ ಚೂರಿನಿಂದ ಕೋಶಗಳನ್ನು ಬಿಡಿಸಿ, ಮ್ಯಾಟ್ರಿಜೆಲ್ ಎಂಬ ಜೆಲ್ಲಿಯ ಹನಿಯೊಳಗೆ ಇಟ್ಟು, ಪೋಷಕ ದ್ರವ ಹಾಕುತ್ತಾರೆ. ಸಾಮಾನ್ಯ ತಟ್ಟೆಯಲ್ಲಿ ಕೋಶಗಳು ಚಪ್ಪಟೆಯಾಗಿ ಹರಡುತ್ತವೆ. ಇಲ್ಲಿ ಪುಟ್ಟ ಉಂಡೆಗಳಾಗಿ, ಮೂಲ ಗಡ್ಡೆಯ ರಚನೆಯನ್ನೂ ಜೀನ್ ಬದಲಾವಣೆಗಳನ್ನೂ ಬಹುಮಟ್ಟಿಗೆ ಉಳಿಸಿಕೊಂಡು ಬೆಳೆಯುತ್ತವೆ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ತಂಡ ಇಲಿಯ ಕರುಳಿನ ಕಾಂಡಕೋಶದಿಂದ ಹೀಗೆ ಬೆಳೆಸಿತು. 2017ರಲ್ಲಿ ಕೇಂಬ್ರಿಜ್‌ನ ಮೆರಿಚೆಲ್ ಹುಕ್ ತಂಡ ಯಕೃತ್ತು ಮತ್ತು ಪಿತ್ತನಾಳದ ಕ್ಯಾನ್ಸರಿನಿಂದಲೂ ಬೆಳೆಸಿತು.

ಉಂಡೆಗಳನ್ನು ಸಣ್ಣ ಗುಳಿಗಳಿಗೆ ಹಂಚಿ, ಬೇರೆ ಬೇರೆ ಪ್ರಮಾಣದಲ್ಲಿ ಔಷಧಿ ಹಾಕಿ, ಕೆಲವು ದಿನಗಳ ನಂತರ ಎಷ್ಟು ಕೋಶ ಬದುಕಿವೆ ಎಂದು ಅಳೆಯುತ್ತಾರೆ. ಅಳೆಯುವ ಒಂದು ವಿಧಾನ ನನಗೆ ಬಹಳ ಹಿಡಿಸಿತು: ಮಿಂಚುಹುಳದಲ್ಲಿರುವ ಲೂಸಿಫರೇಸ್ ಕಿಣ್ವ. ಬದುಕಿರುವ ಕೋಶದಲ್ಲಿ ಎಟಿಪಿ ಇರುತ್ತದೆ; ಎಟಿಪಿ ಹೆಚ್ಚಿದ್ದಷ್ಟು ಬೆಳಕು ಹೆಚ್ಚು.

2018ರಲ್ಲಿ ಲಂಡನ್ನಿನ ತಂಡವೊಂದು ಜೀರ್ಣಾಂಗದ ಕ್ಯಾನ್ಸರುಗಳಲ್ಲಿ ಇದನ್ನು ಹೋಲಿಸಿ ನೋಡಿತು. ಆರ್ಗನಾಯ್ಡ್‌ನಲ್ಲಿ ಸೋತ ಔಷಧಿ ರೋಗಿಗಳಲ್ಲೂ ಸೋತಿತು, ಗೆದ್ದದ್ದು ಶೇ. 88ರಷ್ಟು ಸಲ ರೋಗಿಯಲ್ಲೂ ಗೆದ್ದಿತು. ಆದರೆ ರೋಗಿಗಳ ಸಂಖ್ಯೆ ಚಿಕ್ಕದು, ಹೆಚ್ಚಿನವು ಕರುಳು ಮತ್ತು ಜಠರದ ಕ್ಯಾನ್ಸರುಗಳು.

ಪಿತ್ತನಾಳದ ಗಡ್ಡೆಯಲ್ಲಿ ನಾರಿನಂಥ ಅಂಗಾಂಶವೇ ಹೆಚ್ಚು, ಸೂಜಿಗೆ ಸಿಗುವ ಕ್ಯಾನ್ಸರ್ ಕೋಶ ಕಡಿಮೆ. ಹಾಗಾಗಿ ಎಲ್ಲರ ಗಡ್ಡೆಯೂ ಬೆಳೆಯುವುದಿಲ್ಲ. ಬೆಳೆದರೂ ವಾರಗಳು ಬೇಕು. ಉಂಡೆಯಲ್ಲಿ ರಕ್ತನಾಳವಿಲ್ಲ, ರೋಗನಿರೋಧಕ ಕೋಶಗಳೂ ಇಲ್ಲ.

ಇದನ್ನೆಲ್ಲ ಮಾಮನಿಗೆ ಹೇಳಿದೆ. ಅವರಿಗೆ ಈಗ ಬೇರೆ ಔಷಧಿ ಶುರುವಾಗಿದೆ; ಮುಂದಿನ ಸ್ಕ್ಯಾನ್ ಬರುವ ತಿಂಗಳು.